ಚೆರ್ರಿ ಸೀಗಡಿ ಸಾಕುವ ಮುನ್ನ ನೀರಿನ ಗಡಸುತನ ಅಳೆಯಿರಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಚೆರ್ರಿ ಸೀಗಡಿ ಎಂಬ ಪುಟ್ಟ ಕೆಂಪು ಸಿಹಿನೀರಿನ ಸೀಗಡಿಯನ್ನು ಸಾಕಲು ಹೊರಟವರಲ್ಲಿ ಹಲವರು ಪಿಎಚ್ ಒಂದನ್ನೇ ಅಳೆದು ನೆಮ್ಮದಿಯಿಂದ ಇರುತ್ತಾರೆ. ಕೆಲವೇ ವಾರಗಳಲ್ಲಿ ಸೀಗಡಿಗಳು ಒಂದೊಂದಾಗಿ ಸಾಯತೊಡಗಿದಾಗ ಅಂಗಡಿಯವನನ್ನು ದೂರುತ್ತಾರೆ. ತಪ್ಪು ಸಾಮಾನ್ಯವಾಗಿ ಇರುವುದು ನಲ್ಲಿಯ ನೀರಿನಲ್ಲಿ.

ಮೊದಲು ಸುಮಾರು 30 ಲೀಟರಿನ ತೊಟ್ಟಿ, ಸ್ಪಾಂಜ್ ಫಿಲ್ಟರ್ ಹಾಗೂ ಜಾವಾ ಪಾಚಿ ಹೊಂದಿಸಿಕೊಂಡು, ಚಿಟಿಕೆ ಮೀನಿನ ಆಹಾರ ಹಾಕುತ್ತಾ 4ರಿಂದ 6 ವಾರ ಸೀಗಡಿಯಿಲ್ಲದೆ ನಡೆಸಿ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಇಳಿದು, ನೈಟ್ರೇಟ್ 20 ಪಿಪಿಎಂ ಒಳಗಿದ್ದರೆ ತೊಟ್ಟಿ ಸಿದ್ಧ. ಒಂದೇ ದಿನದಲ್ಲಿ ತೊಟ್ಟಿ ಹದಗೊಳಿಸುತ್ತೇವೆನ್ನುವ ಬಾಟಲಿಗಳಿಗೆ ಹಣ ಸುರಿಯಬೇಡಿ. ಮರಿಗಳು ಮೇಯುವ ತೆಳು ಲೋಳೆಪದರ ಗಾಜಿನ ಮೇಲೆ ಬೆಳೆಯಲು ಕಾಲವೇ ಬೇಕು.

ಇನ್ನು ಎಡವುವ ಜಾಗ. ಸೀಗಡಿ ಪೊರೆ ಕಳಚಿದ ಮೇಲೆ ಹೊಸ ಕವಚ ಗಟ್ಟಿಯಾಗಲು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಇರಲೇಬೇಕು. ಇವೆರಡರ ಅಳತೆಯೇ ನೀರಿನ ಗಡಸುತನ, ಅಂದರೆ ಜಿಎಚ್. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಇದನ್ನು ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಘಟಕವು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುವುದರಿಂದ, ಟಿಡಿಎಸ್ ಹೆಚ್ಚುಕಡಿಮೆ ಮೊದಲಿನಷ್ಟೇ ಕಂಡರೂ ಜಿಎಚ್ ಸೊನ್ನೆಯ ಹತ್ತಿರ ಇರುತ್ತದೆ. ಆದ್ದರಿಂದ ಹನಿ ಹಾಕುವ ಜಿಎಚ್ ಕಿಟ್ ಕೊಳ್ಳಿ. ಪಟ್ಟಿ ಅದ್ದಿ ಬಣ್ಣ ನೋಡುವ ಕಿಟ್ ಬೇಡವೇ ಬೇಡ. ಸಾಮಾನ್ಯ ಕಿಟ್‌ಗಳಲ್ಲಿ 5 ಮಿಲಿ ನೀರಿಗೆ ಒಂದೊಂದೇ ಹನಿ ಬಿಟ್ಟು ಅಲುಗಾಡಿಸುತ್ತಾ ಹೋದರೆ ಕಿತ್ತಳೆ ಬಣ್ಣ ತಟ್ಟನೆ ಹಸಿರಾಗುತ್ತದೆ. ಅಷ್ಟು ಹೊತ್ತಿಗೆ ಬಿದ್ದ ಹನಿಗಳ ಸಂಖ್ಯೆಯೇ ಜಿಎಚ್. ಚೆರ್ರಿಗೆ 6ರಿಂದ 10 ಹಿತಕರ. ಕೊಳವೆಬಾವಿಯ ನೀರು 20 ತೋರಿಸಿದರೆ ಅದರ ಒಂದು ಪಾಲಿಗೆ ಎರಡು ಪಾಲು ಆರ್‌ಒ ನೀರು ಬೆರೆಸಿ ಮತ್ತೆ ಅಳೆಯಿರಿ. ಸಾಫ್ಟ್‌ನರ್ ನೀರಿದ್ದರೆ ಅದನ್ನು ಬಿಟ್ಟು, ಆರ್‌ಒ ನೀರಿಗೇ ಸೀಗಡಿ ಖನಿಜ ಪುಡಿ ಕಲಸಿಕೊಳ್ಳಿ. ಕಾವೇರಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ತಪ್ಪಿಸಬೇಡಿ.

ಸೀಗಡಿ ತಂದ ದಿನ ಗಾಳಿ ಪಂಪಿನ ತೆಳು ನಳಿಕೆಗೆ ಸಡಿಲ ಗಂಟು ಹಾಕಿ, ಅದರ ಮೂಲಕ ತೊಟ್ಟಿಯ ನೀರು ಸೆಕೆಂಡಿಗೆ ಒಂದೆರಡು ಹನಿಯಂತೆ ಅವುಗಳ ಪಾತ್ರೆಗೆ ಬೀಳುವಂತೆ ಮಾಡಿ ಎರಡು ಗಂಟೆ ಬಿಡಿ. ಅವಸರದಲ್ಲಿ ಸುರಿದುಬಿಟ್ಟರೆ ಅಕಾಲದಲ್ಲಿ ಪೊರೆ ಬಿಡುತ್ತವೆ. ಪೊರೆ ಸರಿಯಾಗಿ ಕಳಚದೆ ತಲೆಯ ಹಿಂದೆ ಬಿಳಿ ಉಂಗುರ ಕಂಡ ಸೀಗಡಿ ಉಳಿಯುವುದು ಅಪರೂಪ. ತಾಮ್ರವಿರುವ ಮೀನಿನ ಔಷಧವನ್ನು ತೊಟ್ಟಿಗೆ ಹಾಕಬಾರದು. ಆ ಕೋಣೆಯಲ್ಲಿ ಸೊಳ್ಳೆಯ ಸ್ಪ್ರೇ ಹೊಡೆಯುವುದೂ ಸೀಗಡಿಗಳ ಪ್ರಾಣಕ್ಕೆ ಕುತ್ತು.

ನೀರು 22ರಿಂದ 26 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಮರಿ ಮಾಡಿಸಲು ಬೇರೇನೂ ಬೇಕಿಲ್ಲ. ಹೆಣ್ಣಿನ ಬೆನ್ನ ಮೇಲೆ ಕುದುರೆಯ ಜೀನಿನಂಥ ಹಳದಿ ಗುರುತು ಮೂಡಿ, ಪೊರೆ ಬಿಟ್ಟು ಗಂಡಿನೊಂದಿಗೆ ಕೂಡಿದ ಮೇಲೆ 20ರಿಂದ 30 ಮೊಟ್ಟೆಗಳು ಹೊಟ್ಟೆಯಡಿಗೆ ಇಳಿಯುತ್ತವೆ. ಮೂರು-ನಾಲ್ಕು ವಾರ ಅವಕ್ಕೆ ಕಾಲುಗಳಿಂದ ಬೀಸುತ್ತಲೇ ಇರುವ ತಾಯಿಯನ್ನು ಬೇರೆ ಡಬ್ಬಿಗೆ ಎತ್ತಿ ಹಾಕಬೇಡಿ. ಗಾಬರಿಗೆ ಮೊಟ್ಟೆ ಉದುರಿಸಿಬಿಡುತ್ತದೆ. ಅಮಾನೋ ಸೀಗಡಿಯ ಮರಿಗಳಂತೆ ಇವಕ್ಕೆ ಉಪ್ಪುಮಿಶ್ರಿತ ನೀರು ಬೇಡ. ಹುಟ್ಟುವಾಗಲೇ ದೊಡ್ಡವುಗಳ ಪುಟ್ಟ ಪ್ರತಿಯಂತಿರುತ್ತವೆ. ಗಪ್ಪಿಯಂಥ ಮೀನಿದ್ದರೆ ಅವು ಮರಿಗಳನ್ನು ನುಂಗುತ್ತವೆ, ಆದ್ದರಿಂದ ಮೀನು ಬಿಡಬೇಡಿ.

ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ಸಾಕು, ಆದರೆ ಹೊಸ ನೀರಿನ ಜಿಎಚ್ ಮತ್ತು ತಾಪಮಾನ ತೊಟ್ಟಿಯ ನೀರಿನಷ್ಟೇ ಇರಬೇಕು. ಕೆಂಪಿನ ಜೊತೆ ನೀಲಿ, ಹಳದಿ ಸೀಗಡಿಗಳನ್ನೂ ಒಂದೇ ತೊಟ್ಟಿಗೆ ಬಿಡುವ ಆಸೆಯಿದ್ದರೆ, ಕೆಲವು ತಲೆಮಾರುಗಳಲ್ಲಿ ಕಂದುಬಣ್ಣದ ಮರಿಗಳೇ ಹೆಚ್ಚುತ್ತವೆ ಎಂಬುದು ಗೊತ್ತಿರಲಿ.