ಗ್ಲುಟೆನ್ ಇಲ್ಲದ, ಊಟಕ್ಕೆ ಸಾಲುವ ಏಷ್ಯಾ ರುಚಿಯ ಸಲಾಡ್: ನನ್ನ ಅನುಭವ

ಮನೆಯಲ್ಲಿ ಒಬ್ಬರಿಗೆ ಸೀಲಿಯಾಕ್ ಎಂಬ ಕರುಳಿನ ಕಾಯಿಲೆ ಇರುವುದರಿಂದ, ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್ ಇಲ್ಲದ ಅಡುಗೆ ನನಗೆ ದಿನನಿತ್ಯದ ಕೆಲಸ. ಇಂಥ ಅಡುಗೆಗೆ ಎರಡು ದಾರಿಗಳಿವೆ. ಗೋಧಿಯಿಂದಲೇ ರೂಪ ಪಡೆದ ತಿನಿಸನ್ನು ಮುಂದಿಟ್ಟುಕೊಂಡು ಅದರಲ್ಲಿರುವ ಗೋಧಿಗೆ ಬದಲಿ ಹುಡುಕುವುದು ಒಂದು. ಗೋಧಿಯ ಹಂಗಿಲ್ಲದೆಯೇ ಬೆಳೆದುಬಂದ ಅಡುಗೆಯನ್ನು ಆರಿಸಿಕೊಳ್ಳುವುದು ಇನ್ನೊಂದು. ಒಂದು ಹೊತ್ತಿನ ಊಟಕ್ಕೆ ಸಾಲುವಂಥ ಸಲಾಡ್ ಮಾಡುವಾಗ ನಾನು ಎರಡನೆಯ ದಾರಿಯನ್ನೇ ಹಿಡಿಯುತ್ತೇನೆ. ವಿಯೆಟ್ನಾಮಿನಲ್ಲಿ ತಣ್ಣಗಿನ ಅಕ್ಕಿ ಶಾವಿಗೆಗೆ ಹಸಿ ಸೊಪ್ಪು ಮತ್ತು ಹುಳಿ ಸಾಸ್ ಬೆರೆಸಿ ತಿನ್ನುತ್ತಾರೆ. ಲಾವೋಸ್ ಮತ್ತು ಈಶಾನ್ಯ ಥಾಯ್ಲೆಂಡಿನ ಲಾಪ್ ಎಂಬ ಸಲಾಡಿಗೆ ಹುರಿದ ಅಕ್ಕಿಯ ಪುಡಿ ಉದುರಿಸುತ್ತಾರೆ. ಇಂಡೊನೇಷ್ಯಾದ ಗಾಡೊ ಗಾಡೊದಲ್ಲಿ ತರಕಾರಿ, ಟೋಫು ಎಂಬ ಸೋಯಾ ಪನೀರ್ ಮತ್ತು ಮೊಟ್ಟೆಗೆ ಶೇಂಗಾ ಸಾಸ್ ಜೊತೆಯಾಗುತ್ತದೆ. ಇವುಗಳಲ್ಲಿ ಹೊಟ್ಟೆ ತುಂಬಿಸುವುದು ಅಕ್ಕಿ, ಕಾಳು, ಬೀಜ, ಮೊಟ್ಟೆ ಅಥವಾ ಮಾಂಸ, ಗೋಧಿಯಲ್ಲ. ಹಾಗಾಗಿ ಏನನ್ನೋ ಕಿತ್ತುಹಾಕಿದ ಕೊರತೆ ತಿನ್ನುವವರಿಗೆ ಕಾಣುವುದಿಲ್ಲ, ಗ್ಲುಟೆನ್ ತಿನ್ನುವವರೂ ತಿನ್ನದವರೂ ಒಂದೇ ಬಟ್ಟಲಿನಿಂದ ಬಡಿಸಿಕೊಳ್ಳಬಹುದು. ಈ ಕೊನೆಯ ಮಾತು ನನಗೆ ಬಹಳ ಮುಖ್ಯ. ಒಬ್ಬರಿಗಾಗಿ ಬೇರೆ ತಟ್ಟೆ ತಯಾರಾದ ಕೂಡಲೇ ಆ ಊಟ ಪಥ್ಯವಾಗಿಬಿಡುತ್ತದೆ.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನುಗಳ ಗುಂಪಿಗೆ ಒಟ್ಟಾಗಿ ಗ್ಲುಟೆನ್ ಎನ್ನುತ್ತಾರೆ. ಸೀಲಿಯಾಕ್ ಇರುವವರಲ್ಲಿ ಇದು ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ, ಮತ್ತು ಅದನ್ನು ಪೂರ್ತಿಯಾಗಿ ಬಿಡುವುದೇ ಸದ್ಯಕ್ಕಿರುವ ಚಿಕಿತ್ಸೆ. ಗೋಧಿ ಈ ಕಾಯಿಲೆಯನ್ನು ಕೆರಳಿಸುತ್ತದೆ, ಅಕ್ಕಿ ಕೆರಳಿಸುವುದಿಲ್ಲ ಎಂಬುದನ್ನು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕ್ಕೆ ಅವರು 1950ರ ತಮ್ಮ ಪ್ರಬಂಧದಲ್ಲಿ ಖಚಿತವಾಗಿ ಮಂಡಿಸಿದರು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ, ಗ್ಲುಟೆನ್‌ಮುಕ್ತ ಎಂದು ಕರೆಯಲಾಗುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಅಂದರೆ ಒಂದು ಚಮಚ ತಪ್ಪು ಸಾಸ್ ಇಡೀ ಬಟ್ಟಲನ್ನು ಕೆಡಿಸಲು ಸಾಕು.

ಆದ್ದರಿಂದ ನನ್ನ ಕೆಲಸ ತರಕಾರಿ ಹೆಚ್ಚುವುದರಿಂದ ಆರಂಭವಾಗುವುದಿಲ್ಲ, ಬಾಟಲಿಗಳ ಹಿಂಬದಿಯನ್ನು ಓದುವುದರಿಂದ ಆರಂಭವಾಗುತ್ತದೆ. ಏಷ್ಯಾ ರುಚಿಯ ಸಲಾಡಿನಲ್ಲಿ ಗೋಧಿ ಕಣ್ಣಿಗೆ ಕಾಣುವಂತೆ ಬರುವುದು ಅಪರೂಪ. ಅದು ಬರುವುದು ಕಪ್ಪು ದ್ರವದ ರೂಪದಲ್ಲಿ. ಜಪಾನಿನ ಸಾಮಾನ್ಯ ಸೋಯಾ ಸಾಸನ್ನು ಸೋಯಾ ಅವರೆ ಮತ್ತು ಹುರಿದ ಗೋಧಿಯನ್ನು ಸರಿಸುಮಾರು ಸಮಪಾಲು ಸೇರಿಸಿ ಹುದುಗಿಸುತ್ತಾರೆ. ಹುದುಗುವಾಗ ಗ್ಲುಟೆನ್ ಒಡೆದುಹೋಗುವುದರಿಂದ ಅಪಾಯವಿಲ್ಲ ಎಂದು ಕೆಲವರು ಹೇಳುವುದುಂಟು. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಡೆದ ತುಣುಕುಗಳೂ ತೊಂದರೆ ಕೊಡಬಲ್ಲವು, ಮತ್ತು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿರುವ ಸ್ಯಾಂಡ್‌ವಿಚ್ ಎಲೈಸಾ ಎಂಬ ಪ್ರೋಟೀನ್ ಅಳೆಯುವ ಪರೀಕ್ಷೆ ಇಂಥ ತುಣುಕುಗಳನ್ನು ಸರಿಯಾಗಿ ಹಿಡಿಯಲಾರದೆ ನಿಜಕ್ಕಿಂತ ಕಡಿಮೆ ಪ್ರಮಾಣ ತೋರಿಸುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯೂ 2020ರ ನಿಯಮದಲ್ಲಿ, ಹುದುಗಿಸಿದ ಆಹಾರವನ್ನು ಗ್ಲುಟೆನ್‌ಮುಕ್ತ ಎಂದು ಮಾರಬೇಕಾದರೆ ಹುದುಗಿಸುವ ಮೊದಲೇ ಅದರ ಪದಾರ್ಥಗಳು ಹಾಗಿದ್ದವು ಎಂಬ ದಾಖಲೆಯನ್ನು ತಯಾರಕರು ಇಟ್ಟಿರಬೇಕು ಎಂದು ವಿಧಿಸಿದೆ. ಹಾಗಾಗಿ ನಾನು ಬಳಸುವುದು ತಮರಿ ಎಂಬ ಇನ್ನೊಂದು ಬಗೆಯ ಜಪಾನಿ ಸೋಯಾ ಸಾಸ್. ಇದು ಬಹುಮಟ್ಟಿಗೆ ಸೋಯಾದಿಂದಲೇ ಆದದ್ದು, ರುಚಿ ಹೆಚ್ಚು ಗಾಢ, ವಾಸನೆಯ ಚುರುಕು ಸ್ವಲ್ಪ ಕಡಿಮೆ. ತಮರಿಯಲ್ಲಿಯೂ ಕೆಲವರು ಅಲ್ಪ ಗೋಧಿ ಸೇರಿಸುತ್ತಾರೆ. ಆದ್ದರಿಂದ ಹೆಸರನ್ನು ನಂಬದೆ, ಪದಾರ್ಥಗಳ ಪಟ್ಟಿಯನ್ನೂ ಗ್ಲುಟೆನ್‌ಮುಕ್ತ ಎಂಬ ಗುರುತನ್ನೂ ನೋಡಿಯೇ ತರುತ್ತೇನೆ.

ಇದೇ ಎಚ್ಚರ ಹೊಯ್ಸಿನ್ ಸಾಸ್, ಆಯ್ಸ್ಟರ್ ಸಾಸ್, ಇಂಡೊನೇಷ್ಯಾದ ಸಿಹಿ ಸೋಯಾ ಸಾಸ್ ಮತ್ತು ಕೊರಿಯಾದ ಗೋಚುಜಾಂಗ್ ಎಂಬ ಮೆಣಸಿನ ಪೇಸ್ಟಿನ ವಿಷಯದಲ್ಲಿಯೂ ಬೇಕು. ಇವುಗಳ ಹಲವು ತಯಾರಿಕೆಗಳಲ್ಲಿ ಗೋಧಿ ಅಥವಾ ಬಾರ್ಲಿ ಇರುತ್ತದೆ. ಮಿಸೊ ಎಂಬ ಹುದುಗಿಸಿದ ಸೋಯಾ ಪೇಸ್ಟ್ ಕೊಳ್ಳುವಾಗ ಅದು ಬಾರ್ಲಿಯಿಂದಾದದ್ದಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವಿನೆಗರ್ ಬೇಕಿದ್ದರೆ ಅಕ್ಕಿಯ ವಿನೆಗರ್ ಒಳ್ಳೆಯದು, ಮಾಲ್ಟ್ ವಿನೆಗರ್ ಬಾರ್ಲಿಯದು. ಸೋಬಾ ನೂಡಲ್ಸ್ ಗೋಧಿಯ ಜಾತಿಗೆ ಸೇರದ ಬಕ್‌ವೀಟ್ ಎಂಬ ಕಾಳಿನದೆಂದು ನಂಬಿ ತರುವವರಿದ್ದಾರೆ, ಆದರೆ ಅದರಲ್ಲಿ ಸಾಮಾನ್ಯವಾಗಿ ಗೋಧಿಯ ಪಾಲೂ ಇರುತ್ತದೆ. ಪ್ಯಾಕೆಟ್ಟಿನಲ್ಲಿ ಬರುವ ಹುರಿದ ಈರುಳ್ಳಿ ಗರಿಗರಿಯಾಗಿರಲೆಂದು ಅದಕ್ಕೂ ಗೋಧಿಹಿಟ್ಟು ಸವರಿರುವುದುಂಟು. ಪಾತ್ರೆಗಳಲ್ಲಿ ನಾನು ಪ್ರತ್ಯೇಕವಾಗಿ ಇಟ್ಟುಕೊಂಡಿರುವುದು ಜರಡಿ ಮತ್ತು ಮರದ ಮಣೆ, ಏಕೆಂದರೆ ಜರಡಿಯ ಕಣ್ಣುಗಳಲ್ಲಿ ಸಿಕ್ಕಿದ ಪಾಸ್ತಾದ ಪಸೆಯಾಗಲಿ ಮಣೆಯ ಗೀರಿನಲ್ಲಿ ಕೂತ ಬ್ರೆಡ್ಡಿನ ಪುಡಿಯಾಗಲಿ ತೊಳೆದರೂ ಪೂರ್ತಿ ಹೋಗುವುದಿಲ್ಲ.

ನಾಲ್ಕು ಜನರಿಗೆ ನಾನು 200 ಗ್ರಾಂ ಒಣ ಅಕ್ಕಿ ಶಾವಿಗೆ, 400 ಗ್ರಾಂ ಗಟ್ಟಿ ಟೋಫು, 300 ಗ್ರಾಂ ಎಲೆಕೋಸು, ಎರಡು ಕ್ಯಾರೆಟ್, ಎರಡು ಸೌತೆಕಾಯಿ, ಎರಡು ಹಿಡಿ ತುಂಬ ಸೊಪ್ಪು ಮತ್ತು 80 ಗ್ರಾಂ ಹುರಿದ ಶೇಂಗಾ ತೆಗೆದುಕೊಳ್ಳುತ್ತೇನೆ. ಸಲಾಡ್ ತಿಂದು ಒಂದು ಗಂಟೆಯೊಳಗೆ ಮತ್ತೆ ಹಸಿವಾಯಿತೆಂದು ದೂರುವವರ ಬಟ್ಟಲಿನಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಸಾಲದಾಗಿರುತ್ತದೆ. ಗಟ್ಟಿ ಟೋಫುವಿನ 100 ಗ್ರಾಂನಲ್ಲಿ ಸುಮಾರು 12ರಿಂದ 15 ಗ್ರಾಂ ಪ್ರೋಟೀನ್ ಸಿಗುತ್ತದೆ, ಶೇಂಗಾದ ಪಾಲು ಅದಕ್ಕೆ ಸೇರುತ್ತದೆ. ಇದಕ್ಕಿಂತ ಕಡಿಮೆ ಮಾಡಿದರೆ ಇದು ಊಟದ ಪಕ್ಕಕ್ಕೆ ಬಡಿಸುವ ಪದಾರ್ಥವಾಗುತ್ತದೆಯೇ ಹೊರತು ಊಟವಾಗುವುದಿಲ್ಲ.

ಟೋಫುವನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರವಿಟ್ಟು ಅರ್ಧ ಗಂಟೆ ಬಿಡುತ್ತೇನೆ. ನೀರು ಇಳಿದ ಮೇಲೆ ಎರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಒಂದು ಚಮಚ ತಮರಿ, ಒಂದು ಚಮಚ ಎಣ್ಣೆ ಸವರಿ, ಎರಡು ಚಮಚ ಕಾರ್ನ್‌ಫ್ಲೋರ್ ಉದುರಿಸಿ ಹೊರಳಾಡಿಸಿ, 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 25ರಿಂದ 30 ನಿಮಿಷ ಓವನ್ನಿನಲ್ಲಿಡುತ್ತೇನೆ; ಅರ್ಧದಲ್ಲಿ ಒಮ್ಮೆ ಮಗುಚುವುದು ಅಗತ್ಯ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಸ್ವಲ್ಪ ಹೆಚ್ಚು ಎಣ್ಣೆಯಲ್ಲಿ ಎಲ್ಲ ಮಗ್ಗುಲೂ ಕೆಂಪಾಗುವಂತೆ ಹುರಿಯಬಹುದು.

ಶಾವಿಗೆಯಲ್ಲಿ ಗಮನಿಸಬೇಕಾದದ್ದು ಸಮಯ. ಕುದಿಯುವ ನೀರಿನಲ್ಲಿ ಎಳೆ ಮೆತ್ತಗಾಗಿಯೂ ನಡುವೆ ಸ್ವಲ್ಪ ಬಿಗಿ ಉಳಿದಿರುವಾಗಲೇ ಬಸಿದು, ಮೇಲಿಂದ ತಣ್ಣೀರು ಹರಿಸುತ್ತ ಬೆರಳುಗಳಿಂದ ಬಿಡಿಸುತ್ತೇನೆ. ಹೊರಮೈಯ ಪಿಷ್ಟ ತೊಳೆದುಹೋದರೆ ಮಾತ್ರ ಎಳೆಗಳು ಗಂಟು ಕಟ್ಟದೆ ಉಳಿಯುತ್ತವೆ. ಬೇಯಿಸಿದ ಶಾವಿಗೆಯನ್ನು ಫ್ರಿಜ್ಜಿನಲ್ಲಿ ಇಡಬಾರದು. ತಂಪಿನಲ್ಲಿ ಅಕ್ಕಿಯ ಪಿಷ್ಟ ಮತ್ತೆ ಹರಳುಗಟ್ಟಿ ಎಳೆಗಳು ಒರಟಾಗುತ್ತವೆ, ಮುಟ್ಟಿದರೆ ಮುರಿಯುತ್ತವೆ. ಮುಂಚಿತವಾಗಿ ಮಾಡಿಡಲೇಬೇಕಾದರೆ ಹೆಸರುಕಾಳಿನ ಪಿಷ್ಟದಿಂದ ಮಾಡುವ, ಬೆಂದಾಗ ಪಾರದರ್ಶಕವಾಗುವ ನೂಡಲ್ಸ್ ಹೆಚ್ಚು ತಾಳಿಕೊಳ್ಳುತ್ತದೆ.

ಎಲೆಕೋಸನ್ನು ಎಷ್ಟು ಸಣ್ಣ ಎಳೆಯಾಗಿ ಹೆಚ್ಚಲು ಸಾಧ್ಯವೋ ಅಷ್ಟು ಸಣ್ಣಗೆ ಹೆಚ್ಚಿ, ಅರ್ಧ ಟೀ ಚಮಚ ಉಪ್ಪು ಹಾಕಿ ಕೈಯಿಂದ ಮೃದುವಾಗಿ ಹಿಸುಕಿ ಹತ್ತು ನಿಮಿಷ ಬಿಡುತ್ತೇನೆ. ಉಪ್ಪು ಅದರ ನೀರನ್ನು ಹೊರಗೆಳೆಯುತ್ತದೆ. ಆ ನೀರನ್ನು ಹಿಂಡಿ ತೆಗೆಯದಿದ್ದರೆ ಅದೇ ಮುಂದೆ ಬಟ್ಟಲಿನಲ್ಲಿ ಇಳಿದು, ಸಲಾಡಿಗೆ ಬೆರೆಸುವ ಹುಳಿ ಸಾಸನ್ನು, ಅಂದರೆ ಡ್ರೆಸ್ಸಿಂಗನ್ನು, ಸಪ್ಪೆ ಮಾಡುತ್ತದೆ. ಸೌತೆಕಾಯಿಯ ನಡುವಿನ ಬೀಜದ ತಿರುಳನ್ನೂ ಇದೇ ಕಾರಣಕ್ಕೆ ಚಮಚದಿಂದ ಕೆರೆದು ತೆಗೆಯುತ್ತೇನೆ. ಸೊಪ್ಪಿನಲ್ಲಿ ಪುದೀನ ಮತ್ತು ಕೊತ್ತಂಬರಿ ಎರಡೂ ಇರಬೇಕು, ಥಾಯ್ ತುಳಸಿ ಸಿಕ್ಕರೆ ಅದೂ ಇರಲಿ. ಇವನ್ನು ಕೊಚ್ಚಿ ಅಲಂಕಾರಕ್ಕೆ ಉದುರಿಸುವುದು ನನಗೆ ಇಷ್ಟವಿಲ್ಲ. ಇಡೀ ಎಲೆಗಳನ್ನೇ ಬಿಡಿಸಿ ತರಕಾರಿಯಷ್ಟೇ ಧಾರಾಳವಾಗಿ ಸೇರಿಸಿದಾಗ ಆಗ್ನೇಯ ಏಷ್ಯಾದ ಸಲಾಡಿನ ನಿಜವಾದ ಪರಿಮಳ ಬರುತ್ತದೆ.

ಡ್ರೆಸ್ಸಿಂಗ್ ಮಾಡುವಾಗ ನಾನು ಆತುರಪಡುವುದಿಲ್ಲ. ಹಿಂದಿನ ರಾತ್ರಿಯೇ ನಾಲ್ಕು ಒಣ ಶಿಟಾಕೆ ಅಣಬೆಗಳನ್ನು ಒಂದು ಲೋಟ ತಣ್ಣೀರಿನಲ್ಲಿ ನೆನೆಹಾಕಿಡುತ್ತೇನೆ. ವಿಯೆಟ್ನಾಮ್ ಮತ್ತು ಥಾಯ್ ಅಡುಗೆಗೆ ಆಳವಾದ ರುಚಿ ಕೊಡುವುದು ಮೀನಿನ ಸಾಸ್. ಅದನ್ನು ಬಿಟ್ಟು ತಮರಿ ಮಾತ್ರ ಹಾಕಿದರೆ ರುಚಿ ಉಪ್ಪಿನಲ್ಲೇ ನಿಂತುಬಿಡುತ್ತದೆ. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಪದಾರ್ಥವಿದ್ದು, ಅದು ತಮರಿಯ ಗ್ಲುಟಮೇಟ್ (ಇದು ಗ್ಲುಟೆನ್ ಅಲ್ಲ) ಜೊತೆ ಕೂಡಿದಾಗ ಎರಡೂ ಬೇರೆಬೇರೆಯಾಗಿ ಕೊಡುವುದಕ್ಕಿಂತ ಹೆಚ್ಚಿನ ಉಮಾಮಿ, ಅಂದರೆ ಆಳವಾದ ಸಾರಿನಂಥ ರುಚಿ, ಹುಟ್ಟುತ್ತದೆ. ನೆನೆದ ಅಣಬೆಗಳನ್ನು ಹೆಚ್ಚಿ, ಟೋಫುವಿನ ಜೊತೆ ಕೊನೆಯ ಹತ್ತು ನಿಮಿಷ ಹುರಿದು ಬಟ್ಟಲಿಗೇ ಸೇರಿಸುತ್ತೇನೆ.

ಕುಟ್ಟಾಣಿಯಲ್ಲಿ ಎರಡು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಬೆರಳ ತುದಿಯಷ್ಟು ಶುಂಠಿ ಮತ್ತು 30 ಗ್ರಾಂ ತಾಳೆಬೆಲ್ಲ ಹಾಕಿ ಒಟ್ಟಿಗೆ ಜಜ್ಜುತ್ತೇನೆ. ಬೆಲ್ಲದ ತರಿ ಬೆಳ್ಳುಳ್ಳಿಯನ್ನು ಅರೆಯಲು ನೆರವಾಗುತ್ತದೆ, ಬೆಳ್ಳುಳ್ಳಿಯ ರಸ ಬೆಲ್ಲವನ್ನು ಸಡಿಲಿಸುತ್ತದೆ; ಮಿಕ್ಸಿಯಲ್ಲಿ ತಿರುಗಿಸಿದಾಗ ಈ ಹದ ಸಿಗದೆ ಬೆಳ್ಳುಳ್ಳಿ ಘಾಟಾಗುತ್ತದೆ. ಇದಕ್ಕೆ ನಾಲ್ಕು ದೊಡ್ಡ ಚಮಚ ನಿಂಬೆ ರಸ ಹಾಕಿ ಬೆಲ್ಲ ಪೂರ್ತಿ ಕರಗುವ ತನಕ ಕಲಕಿ, ಆಮೇಲೆ ಮೂರು ದೊಡ್ಡ ಚಮಚ ತಮರಿ, ಮೂರು ದೊಡ್ಡ ಚಮಚ ಅಣಬೆ ನೆನೆದ ನೀರು, ಕಡೆಗೆ ಎರಡು ಟೀ ಚಮಚ ಹುರಿದೆಳ್ಳಿನ ಎಣ್ಣೆ ಸೇರಿಸುತ್ತೇನೆ. ಹುರಿದೆಳ್ಳಿನ ಎಣ್ಣೆ ಇಲ್ಲಿ ಪರಿಮಳಕ್ಕೆ ಮಾತ್ರ. ಇನ್ನೊಂದು ಚಮಚ ಹೆಚ್ಚಾದರೂ ಪುದೀನದ ವಾಸನೆ ಅದರಡಿ ಮುಚ್ಚಿಹೋಗುತ್ತದೆ. ರುಚಿಯನ್ನು ಚಮಚದಿಂದ ನೆಕ್ಕಿ ನೋಡುವುದಕ್ಕಿಂತ ಒಂದೆರಡು ಎಳೆ ಶಾವಿಗೆಯನ್ನು ಅದರಲ್ಲಿ ಅದ್ದಿ ನೋಡುವುದು ಲೇಸು. ಬರಿಯ ಡ್ರೆಸ್ಸಿಂಗ್ ನಾಲಿಗೆಗೆ ಅತಿ ಹುಳಿ, ಅತಿ ಉಪ್ಪು ಎನ್ನಿಸಿದರೆ ಮಾತ್ರ ಶಾವಿಗೆಯೊಡನೆ ಹದವಾಗುತ್ತದೆ, ಏಕೆಂದರೆ ಶಾವಿಗೆಗೆ ತನ್ನದೇ ಆದ ರುಚಿ ಇಲ್ಲ. ಮೀನು ತಿನ್ನುವವರು ತಮರಿಯ ಅರ್ಧದಷ್ಟನ್ನು ಬಿಟ್ಟು ಅದರ ಬದಲು ಮೀನಿನ ಸಾಸ್ ಹಾಕಬಹುದು. ಮೀನು, ಉಪ್ಪು ಮತ್ತು ಸಕ್ಕರೆಯ ಹೊರತು ಬೇರೇನೂ ಪಟ್ಟಿಯಲ್ಲಿಲ್ಲದ ಬಾಟಲಿಯನ್ನು ಆರಿಸಿಕೊಳ್ಳಬೇಕು.

ಈ ಶೈಲಿಯ ಸಲಾಡುಗಳಿಗೆ ಗರಿಗರಿತನಕ್ಕಾಗಿ ಕರಿದ ಗೋಧಿ ಪಟ್ಟಿಗಳನ್ನು ಮುರಿದು ಹಾಕುವ ರೂಢಿ ಪಾಶ್ಚಾತ್ಯ ಹೋಟೆಲುಗಳಲ್ಲಿದೆ. ಅದರ ಜಾಗದಲ್ಲಿ ನಾನು ಬಳಸುವುದು ಲಾಪ್‌ನಲ್ಲಿ ಹಾಕುವ ಹುರಿದ ಅಕ್ಕಿಯ ಪುಡಿ. ಇಡೀ ಸಲಾಡಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ಇದಕ್ಕೆ ಅಂಟಕ್ಕಿ ಶ್ರೇಷ್ಠ. ಅದರ ಅಂಟು ಅಮೈಲೋಪೆಕ್ಟಿನ್ ಎಂಬ ಪಿಷ್ಟದಿಂದ ಬಂದದ್ದು, ಗ್ಲುಟೆನ್ ಅದರಲ್ಲಿ ಇಲ್ಲ. ಆದ್ದರಿಂದ ಸೀಲಿಯಾಕ್ ಇರುವವರು ನಿಶ್ಚಿಂತೆಯಿಂದ ತಿನ್ನಬಹುದು. ನಾಲ್ಕು ದೊಡ್ಡ ಚಮಚ ಅಕ್ಕಿಯನ್ನು ಒಣ ಬಾಣಲೆಯಲ್ಲಿ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ 12ರಿಂದ 15 ನಿಮಿಷ ಹುರಿಯಬೇಕು. ಹುರಿಯುತ್ತ ಹೋದಂತೆ ಕಾಳು ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಒಮ್ಮೆಗೇ ಕಂದು ಬಣ್ಣ ಏರತೊಡಗಿ ಅರಳಿನ ವಾಸನೆ ಬರುತ್ತದೆ. ಆ ಘಳಿಗೆಯಲ್ಲಿ ಒಲೆ ಆರಿಸಿ ತಟ್ಟೆಗೆ ಸುರಿಯಬೇಕು, ಏಕೆಂದರೆ ಬಿಸಿ ಬಾಣಲೆಯಲ್ಲೇ ಬಿಟ್ಟರೆ ಕಾಳು ಇನ್ನಷ್ಟು ಸುಟ್ಟು ಕಹಿಯಾಗುತ್ತದೆ. ಉರಿ ಜೋರಾದರೆ ಹೊರಗೆ ಬಣ್ಣ ಬಂದರೂ ಒಳಗೆ ಹಸಿ ಗಟ್ಟಿತನ ಉಳಿದು ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ. ಪೂರ್ತಿ ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡುತ್ತೇನೆ. ನಯವಾಗಿ ಬೀಸಿದರೆ ಅದು ಹಿಟ್ಟಾಗಿ ಬಾಯಿಗೆ ಮೆತ್ತಿಕೊಳ್ಳುತ್ತದೆ. ಈ ಪುಡಿ ಗರಿಗರಿತನ ಕೊಡುವುದಲ್ಲದೆ, ಡ್ರೆಸ್ಸಿಂಗಿನ ತೇವವನ್ನು ಹೀರಿಕೊಂಡು ಅದು ಬಟ್ಟಲಿನ ತಳಕ್ಕೆ ಇಳಿಯದಂತೆ ಎಳೆಗಳಿಗೇ ಅಂಟಿಸುತ್ತದೆ. ಕರಿದ ಗೋಧಿ ಪಟ್ಟಿಯಿಂದ ಈ ಎರಡನೆಯ ಉಪಕಾರ ಆಗುವುದಿಲ್ಲ.

ಬೆರೆಸುವ ಕ್ರಮ ಹೀಗೆ: ಅಗಲವಾದ ಪಾತ್ರೆಯಲ್ಲಿ ಮೊದಲು ಶಾವಿಗೆಗೆ ಡ್ರೆಸ್ಸಿಂಗಿನ ಮೂರನೆಯ ಎರಡು ಭಾಗ ಹಾಕಿ ಐದು ನಿಮಿಷ ಹೀರಲು ಬಿಡುತ್ತೇನೆ, ಆಮೇಲೆ ಹಿಂಡಿದ ಎಲೆಕೋಸು, ಕ್ಯಾರೆಟ್, ಸೌತೆಕಾಯಿ ಸೇರಿಸಿ ಎರಡೂ ಕೈಗಳಿಂದ ಮೇಲೆತ್ತಿ ಕಲಸುತ್ತೇನೆ. ಸೊಪ್ಪು, ಶೇಂಗಾ ಮತ್ತು ಅರ್ಧದಷ್ಟು ಅಕ್ಕಿಪುಡಿಯನ್ನು ಬಡಿಸುವ ಹೊತ್ತಿಗೆ ಸೇರಿಸುತ್ತೇನೆ. ಟೋಫುವನ್ನು ಬೆಚ್ಚಗಿರುವಾಗಲೇ ಮೇಲಿಟ್ಟರೆ ತಣ್ಣನೆಯ ಶಾವಿಗೆಯೊಡನೆ ಅದು ಚೆನ್ನಾಗಿ ಹೊಂದುತ್ತದೆ. ಉಳಿದ ಡ್ರೆಸ್ಸಿಂಗ್ ಮತ್ತು ಅಕ್ಕಿಪುಡಿಯನ್ನು ಮೇಜಿನ ಮೇಲಿಟ್ಟು, ತಿನ್ನುವವರು ತಮಗೆ ಬೇಕಾದಷ್ಟು ಹಾಕಿಕೊಳ್ಳುವಂತೆ ಬಿಡುತ್ತೇನೆ. ಶೇಂಗಾ ಆಗದವರಿದ್ದರೆ ಹುರಿದ ಕುಂಬಳಬೀಜ ಅದರ ಜಾಗದಲ್ಲಿ ಸೊಗಸಾಗಿ ಕೂರುತ್ತದೆ. ಕೋಳಿ ಅಥವಾ ಸೀಗಡಿ ಬಯಸುವವರು ಅದನ್ನು ಬರಿಯ ಉಪ್ಪುನೀರಿನಲ್ಲಿ ಬೇಯಿಸಿ ಹಾಕುವುದು ಒಳಿತು, ಏಕೆಂದರೆ ಮಾಂಸ ನೆನೆಸಿಡಲು ಅಂಗಡಿಯಲ್ಲಿ ಸಿಗುವ ಮ್ಯಾರಿನೇಡ್‌ಗಳಲ್ಲಿ ಮತ್ತೆ ಅದೇ ಗೋಧಿಯ ಸೋಯಾ ಸಾಸ್ ಇರುವ ಸಂಭವ ಹೆಚ್ಚು. ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುವುದಾದರೆ ಡ್ರೆಸ್ಸಿಂಗನ್ನು ಬೇರೆ ಸೀಸೆಯಲ್ಲಿ, ಅಕ್ಕಿಪುಡಿಯನ್ನು ಒಣ ಪೊಟ್ಟಣದಲ್ಲಿ ಇಟ್ಟು, ಟೋಫು ಪೂರ್ತಿ ಆರಿದ ನಂತರವೇ ಮುಚ್ಚಳ ಹಾಕುತ್ತೇನೆ.