ಷಟ್ಕೋಣ ಬರೆಯುವಾಗ ನೂಲು ಕೈಕೊಟ್ಟದ್ದು

ಬದಿಯಡ್ಕ ಕಡೆಯ ಒಂದು ಮನೆಯಲ್ಲಿ ಷಷ್ಠಿಯ ಪೂಜೆಗೆ ಮೊದಲ ಸಲ ಒಬ್ಬನೇ ಮಂಡಲ ಬರೆಯಲು ಕೂತಿದ್ದೆ. ದೊಡ್ಡಪ್ಪನ ಪಕ್ಕ ಕೂತು ವರ್ಷಗಟ್ಟಲೆ ಪುಡಿ ತುಂಬಿಸಿದವನು, ಹಾಗಾಗಿ ಧೈರ್ಯ ಸ್ವಲ್ಪ ಜಾಸ್ತಿಯೇ ಇತ್ತು.

ಷಟ್ಕೋಣ ಅಂದರೆ ಒಂದು ಮೇಲ್ಮುಖ, ಒಂದು ಕೆಳಮುಖ, ಎರಡು ತ್ರಿಕೋನ ಸೇರಿದ ಆರು ಮೂಲೆಯ ನಕ್ಷತ್ರ. ಅದರ ಲೆಕ್ಕ ಸುಲಭ. ವೃತ್ತ ಎಳೆದ ನೂಲನ್ನೇ, ಉದ್ದ ಬದಲಿಸದೆ, ಅದೇ ವೃತ್ತದ ಮೇಲೆ ಇಟ್ಟು ಇಟ್ಟು ಗುರುತು ಹಾಕುತ್ತ ಹೋದರೆ ಆರನೆಯದು ಹೊರಟ ಜಾಗಕ್ಕೇ ಬರಬೇಕು. ನನಗೆ ಬರಲಿಲ್ಲ. ಎರಡು ಬೆರಳು ದಾಟಿ ಹೋಯಿತು. ಅರಿಶಿನ ನೀರಲ್ಲಿ ಅದ್ದಿದ ಹತ್ತಿ ನೂಲು, ಎಳೆದ ಹಾಗೆಲ್ಲ ಉದ್ದ ಆಗುತ್ತಿತ್ತು. ಪ್ರತಿ ಸಲ ಕೂದಲೆಳೆಯಷ್ಟೇ, ಆದರೆ ಆರು ಸಲಕ್ಕೆ ಅದು ಸೇರಿ ಸೇರಿ ಎಷ್ಟಾಯಿತು ನೋಡಿ. ಭಟ್ರು ಆಗಲೇ ಸ್ನಾನ ಮುಗಿಸಿ ಬಂದಿದ್ದರು.

ಅಂದಿನಿಂದ ನೂಲು ಬಿಟ್ಟೆ. ಅಡಿಕೆ ಮರದ ಸಲಾಕೆಗೆ 2 ಅಡಿ ದೂರದಲ್ಲಿ ಎರಡು ತೂತು, ಒಂದಕ್ಕೆ ಮೊಳೆ, ಇನ್ನೊಂದಕ್ಕೆ ಚಾಕ್‌ಪೀಸ್. ಮೊದಲು ವೃತ್ತದ ನಡುವೆ ಒಂದು ಉದ್ದ ಗೆರೆ ಹಾಕಿ, ಅದರ ಎರಡು ತುದಿಯಿಂದ ಆಚೆ ಈಚೆ ಒಂದೊಂದೇ ಗುರುತು. ತಪ್ಪು ಸೇರಿಕೊಂಡು ಹೋಗುವುದಿಲ್ಲ. ಒಂದು ಬಿಟ್ಟು ಒಂದು ಗುರುತು ಸೇರಿಸಿದರೆ ಎರಡು ತ್ರಿಕೋನ. ಈ ಅಳತೆಗೆ ತ್ರಿಕೋನದ ಒಂದು ಬದಿ ಸುಮಾರು 41.5 ಇಂಚು ಬರುತ್ತದೆ. ಪ್ರತಿ ಬದಿಯನ್ನೂ ಎದುರು ತ್ರಿಕೋನ ಸರಿಯಾಗಿ ಮೂರು ಪಾಲು ಮಾಡಬೇಕು, ಹತ್ತಿರ ಹತ್ತಿರ 14 ಇಂಚು ಒಂದೊಂದು. ಮಾಡದಿದ್ದರೆ ಒರೆಸಿ. ಪುಡಿ ಹಾಕಿದ ಮೇಲೆ ಒರೆಸುವುದು ಬೇಡ, ಅರಿಶಿನ ಸಿಮೆಂಟ್ ನೆಲಕ್ಕೆ ಹಿಡಿದರೆ ಮನೆಯವರ ಬೈಗುಳ ಬೇರೆ.

ಬಿಳಿಗೆ ಅಕ್ಕಿಹುಡಿ, ಹಳದಿಗೆ ಅರಿಶಿನ, ಅದಕ್ಕೇ ಸುಣ್ಣ ಕಲಸಿದರೆ ಕೆಂಪು, ಕಪ್ಪಿಗೆ ಸುಟ್ಟ ಉಮಿ. ಫ್ಯಾನ್ ಸ್ವಿಚ್ ಹತ್ತಿರ ಮಕ್ಕಳನ್ನು ಬಿಡಬೇಡಿ.

ಕಷ್ಟ ಇರುವುದು ಹೆಣಿಗೆಯಲ್ಲಿ. ಮೇಲ್ಮುಖದ ತ್ರಿಕೋನ ಶಿವ, ಕೆಳಮುಖದ್ದು ಶಕ್ತಿ, ಎರಡೂ ಒಂದರೊಳಗೊಂದು ಸಿಕ್ಕಿಕೊಂಡ ಹಾಗೆ ಕಾಣಬೇಕು. ಅದಕ್ಕೆ ಜೋಡಿ ಗೆರೆ ಎಳೆದು, ದಾಟುವ ಆರು ಕಡೆಯಲ್ಲೂ ಒಂದು ಗೆರೆಯನ್ನು ತುಂಡರಿಸುತ್ತೇನೆ. ಒಂದು ಕಡೆ ಮೇಲೆ ಹೋದ ಬದಿ ಮುಂದಿನದರಲ್ಲಿ ಅಡಿಗೆ ಹೋಗಬೇಕು. ಆಮೇಲೆ ಆರು ಮೂಲೆಗೆ ಸುಬ್ರಹ್ಮಣ್ಯನ ಮಂತ್ರದ ಆರು ಅಕ್ಷರ: ಶ, ರ, ವ, ಣ, ಭ, ವ.

ಸಿಮೆಂಟ್ ನೆಲಕ್ಕೆ ಮೊಳೆ ಇಳಿಯುವುದಿಲ್ಲ, ಒತ್ತಿ ಹಿಡಿಯಲು ಒಬ್ಬ ಬೇಕು. ಹೋದ ವರ್ಷ ದುಬೈಯಿಂದ ಬಂದಿದ್ದ ಅಳಿಯನನ್ನು ಕೂರಿಸಿದೆ. "ಮಾವ, ಇದು ಇಸ್ರೇಲಿನದ್ದಲ್ವಾ?" ಅಂದ.

ಅವರ ಧ್ವಜಕ್ಕೆ ಬಂದದ್ದು 1948ರಲ್ಲಿ, ಮಾರಾಯ. ಅಲ್ಲಿಯ ಕಪೆರ್ನೌಮ್‌ನ ಹಳೇ ಯಹೂದಿ ಪ್ರಾರ್ಥನಾಲಯದ ಕಲ್ಲಲ್ಲಿ ಆರು ಮೂಲೆಯದೂ ಇದೆ, ಐದು ಮೂಲೆಯದೂ ಇದೆ, ಬಳ್ಳಿ ಹೂವಿನ ಸಾಲಲ್ಲಿ ಅಲಂಕಾರಕ್ಕೆ. ದೆಹಲಿಯಲ್ಲಿ 1570ರ ಸುಮಾರಿನ ಹುಮಾಯೂನನ ಗೋರಿಯ ಕಮಾನಿನ ಇಕ್ಕೆಲದಲ್ಲೂ ಇದೇ ನಕ್ಷತ್ರ. ಮುಸ್ಲಿಮರಲ್ಲಿ ಅದಕ್ಕೆ ಸುಲೈಮಾನ್ ನಬಿಯ ಮುದ್ರೆ ಅಂತ ಹೆಸರು. ಕೈಯಲ್ಲೊಂದು ಸಲಾಕೆ ಇದ್ದರೆ ಯಾವ ಊರಿನವನಿಗೂ ವೃತ್ತದೊಳಗೆ ಇದು ಸಿಕ್ಕೇ ಸಿಗುತ್ತದೆ ಅಂತ ನನ್ನ ಲೆಕ್ಕ.

ಇಷ್ಟೆಲ್ಲ ಹೇಳಿ ಸೊಂಟ ನೆಟ್ಟಗೆ ಮಾಡಿದೆ. ಅವನು ಮೊಬೈಲಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ, "ಇಲ್ಲಿ ಎರಡು ಸಲವೂ ಮೇಲೆಯೇ ಹೋಗಿದೆಯಲ್ಲ" ಅಂದ. ಹೌದು. ಭಟ್ರು ಕಾಲು ತೊಳೆಯುತ್ತಿದ್ದರು. ಬೆರಳು ಒದ್ದೆ ಮಾಡಿ ಅಕ್ಕಿಹುಡಿ ಎತ್ತಿ, ಇನ್ನೊಂದು ಚಿಟಿಕೆ ಹಾಕಿ ಅಡಿಗೆ ಕಳಿಸಿದೆ.