ಅಥೀನಾ ಮತ್ತು ಎರಿನೀಯರು: ಆಪ್ತಸಮಾಲೋಚನೆಯಲ್ಲಿ ನನ್ನ ಅನುಭವ

ಅನ್ಯಾಯಕ್ಕೊಳಗಾಗಿ ಅದರ ಸಿಟ್ಟನ್ನು ವರ್ಷಗಟ್ಟಲೆ ಹೊತ್ತುಕೊಂಡವರೊಡನೆ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವಾಗ ನಾನು ಹೆಚ್ಚಾಗಿ ನೆಚ್ಚಿಕೊಂಡಿರುವುದು ಪ್ರಾಚೀನ ಗ್ರೀಕ್ ನಾಟಕಕಾರ ಈಸ್ಕಿಲಸನ ‘ಯುಮೆನಿಡೀಸ್’ ನಾಟಕವನ್ನು. ಕ್ರಿ.ಪೂ. 458ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನಗೊಂಡ ನಾಟಕತ್ರಯದ ಕೊನೆಯ ಭಾಗವಿದು. ತಂದೆಯನ್ನು ಕೊಂದ ತಾಯಿಯನ್ನು ಅಪೊಲೊ ದೇವನ ಆಜ್ಞೆಯಂತೆ ಕೊಂದ ಒರೆಸ್ಟಿಸನನ್ನು ಸೇಡಿನ ದೇವತೆಯರಾದ ಎರಿನೀಯರು ಬೆನ್ನಟ್ಟುತ್ತಾರೆ. ಅಥೀನಾ ದೇವಿ ಆರಿಯೊಪಾಗಸ್ ಗುಡ್ಡದಲ್ಲಿ ನ್ಯಾಯಸಭೆಯನ್ನು ಸ್ಥಾಪಿಸುತ್ತಾಳೆ. ಮತಗಳು ಸಮನಾಗಿ ಆತ ಬಿಡುಗಡೆ ಹೊಂದುತ್ತಾನೆ. ಇಷ್ಟನ್ನು ಗುಂಪಿನವರಿಗೆ ಬೇಗನೆ ಹೇಳಿ, ತೀರ್ಪಿನ ನಂತರದ ಭಾಗವನ್ನು ಮಾತ್ರ ನಿಧಾನವಾಗಿ, ಗಟ್ಟಿಯಾಗಿ ಓದಿಸುತ್ತೇನೆ.

ಕೆರಳಿದ ಎರಿನೀಯರು, ಕಿರಿಯ ದೇವತೆಗಳು ಹಳೆಯ ಕಟ್ಟಳೆಗಳನ್ನು ತುಳಿದುಹಾಕಿದರೆಂದು ಗೋಳಾಡಿ, ನಾಡಿನ ನೆಲವನ್ನೇ ಬಂಜರಾಗಿಸುವುದಾಗಿ ಬೆದರಿಸುತ್ತಾರೆ. ಅಥೀನಾ ಸಮಾಧಾನ ಹೇಳಿದರೆ ಅವರ ಉತ್ತರ ಮೊದಲು ಹಾಡಿದ ಅದೇ ಚರಣ, ಪದವೊಂದೂ ಬದಲಾಗದೆ. ಆಕೆ ಮತ್ತೆ ಮಾತನಾಡಿದಾಗ ಹೊಸದೊಂದು ಚರಣ ಬರುತ್ತದೆ. ಮುಂದಿನ ಮಾತಿಗೆ ಅದೂ ಹಾಗೆಯೇ ಮರುಕಳಿಸುತ್ತದೆ.

ಆಸ್ತಿಯ ಪಾಲಿನಲ್ಲಿ ತವರಿನವರಿಂದಲೇ ವಂಚನೆಗೊಳಗಾಗಿದ್ದ ಒಬ್ಬರು ಇಲ್ಲಿ ಓದು ನಿಲ್ಲಿಸಿ, “ಮೇಡಂ, ನಾನೂ ಹೀಗೇ. ಹೇಳಿದ್ದನ್ನೇ ಹೇಳ್ತೀಯ ಅಂತ ಮನೇಲಿ ಎಲ್ಲರೂ ಬೈತಾರೆ” ಎಂದರು. ನಾನು ಉತ್ತರಿಸಲಿಲ್ಲ, ಅಥೀನಾಳ ಮಾತುಗಳನ್ನು ಮುಂದೆ ಓದುವಂತೆ ಕೇಳಿಕೊಂಡೆ. ಮರೆತುಬಿಡಿ, ಕ್ಷಮಿಸಿಬಿಡಿ ಎಂದು ಆಕೆ ಎಲ್ಲಿಯೂ ಹೇಳುವುದಿಲ್ಲ. ನೀವು ಸೋತಿಲ್ಲ, ಮತಗಳು ಸಮನಾಗಿದ್ದವು ಎನ್ನುತ್ತಾಳೆ. ನೀವು ನನಗಿಂತ ಹಿರಿಯರು ಎಂದು ಒಪ್ಪುತ್ತಾಳೆ. ಒಳಿತನ್ನು ಹೇಳಲು ನನಗೆ ದಣಿವಾಗದು ಎನ್ನುತ್ತಾಳೆ. ಕೊನೆಗೆ ಅಥೆನ್ಸಿನಲ್ಲೇ ನೆಲೆಯನ್ನೂ, ಮದುವೆ ಮತ್ತು ಹೆರಿಗೆಗಳಿಗೆ ಮುನ್ನ ಸಲ್ಲುವ ಕಾಣಿಕೆಗಳನ್ನೂ ಕೊಡುತ್ತಾಳೆ. ನನ್ನ ಕೆಲಸದ ಕ್ರಮವೂ ಇದೇ. ನೊಂದವರನ್ನು ಅವಸರದಲ್ಲಿ ಕ್ಷಮೆಗೆ ಒತ್ತಾಯಿಸುವುದು ಇನ್ನೊಂದು ಅನ್ಯಾಯವೆಂದೇ ನಾನು ನಂಬಿದ್ದೇನೆ.

ಆ ತೀರ್ಪು ನಿರ್ದೋಷವಾದದ್ದೆಂದು ನಾನು ಹೇಳಿಕೊಡುವುದಿಲ್ಲ. ತಾಯಿ ನಿಜವಾದ ಜನ್ಮದಾತೆಯೇ ಅಲ್ಲವೆಂದು ಅಪೊಲೊ ವಾದಿಸುತ್ತಾನೆ. ತಾಯಿಯಿಲ್ಲದೆ ಹುಟ್ಟಿದ ಅಥೀನಾ ತನ್ನ ಮತವನ್ನು ಒರೆಸ್ಟಿಸನಿಗೇ ಹಾಕುತ್ತಾಳೆ. ಇದನ್ನು ಕೇಳಿದಾಗ ಗುಂಪಿನ ಹೆಂಗಸರು ಸಿಟ್ಟಾಗುತ್ತಾರೆ, ಆಗಬೇಕಾದದ್ದೇ. ಆ ಚರ್ಚೆಗೆ ಸಮಯ ಮೀಸಲಿಡುತ್ತೇನೆ.

ಹಾಡುತ್ತಲೇ ಇದ್ದ ಎರಿನೀಯರು ಒಂದು ಘಟ್ಟದಲ್ಲಿ, ನನಗೆ ಯಾವ ನೆಲೆ ಕೊಡುತ್ತೀಯೆ ಎಂದು ಕೇಳುತ್ತಾರೆ. ಅಂಥ ಪ್ರಶ್ನೆಗಾಗಿ ನಾನು ಕಾಯುತ್ತೇನೆ. ಆ ಹೆಣ್ಣುಮಗಳು ಕೆಲವು ತಿಂಗಳ ನಂತರ, “ಅರ್ಜಿ ಎಲ್ಲಿ ಕೊಡಬೇಕು?” ಎಂದು ಕೇಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ ಎಂಬುದನ್ನೂ, ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದನ್ನೂ ತಿಳಿಸಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅವರೊಡನೆ ಹೋದೆ. ದಾವೆ ಇನ್ನೂ ನಡೆಯುತ್ತಿದೆ. ಅವರು ಗುಂಪಿಗೂ ಬರುತ್ತಿದ್ದಾರೆ. ತಾರೀಖು ಮುಂದೆ ಹೋದಾಗಲೆಲ್ಲ ಹಳೆಯ ಮಾತುಗಳು ಹಾಗೆಯೇ ಮರಳುತ್ತವೆ, ನಾವು ಮತ್ತೆ ಮೊದಲಿನಿಂದ ಕೇಳುತ್ತೇವೆ.